ಮಿನಿಯಾಪೊಲಿಸ್‌ನಲ್ಲಿ ಸ್ನೋ ಎಮರ್ಜೆನ್ಸಿ: ಕಾರನ್ನು ಯಾವಾಗ, ರಸ್ತೆಯ ಯಾವ ಬದಿಗೆ ನಿಲ್ಲಿಸಬೇಕು?

ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ವರ್ಷಕ್ಕೆ ಸರಾಸರಿ 130 ಸೆಂ.ಮೀ.ನಷ್ಟು ಹಿಮ ಬೀಳುತ್ತದೆ. 1991ರಲ್ಲಿ ಅಕ್ಟೋಬರ್ 31ರಿಂದ ನವೆಂಬರ್ 3ರವರೆಗೆ ಬೀಸಿದ ಒಂದೇ ಹಿಮಬಿರುಗಾಳಿಯಲ್ಲಿ 28.4 ಇಂಚು, ಅಂದರೆ ಸುಮಾರು 72 ಸೆಂ.ಮೀ. ಹಿಮ ಸುರಿದಿತ್ತು. ಆದ್ದರಿಂದ ಓದಲೆಂದೋ ಕೆಲಸಕ್ಕೆಂದೋ ಈ ಊರಿಗೆ ಬಂದು, ಹಳೆಯ ಕಾರೊಂದನ್ನು ಕೊಂಡು, ಗ್ಯಾರೇಜ್ ಇಲ್ಲದ ಬಾಡಿಗೆ ಮನೆಯಲ್ಲಿರುವ ಕನ್ನಡಿಗರು ಡಿಸೆಂಬರ್ ಬರಲಿ ಎಂದು ಕಾಯದೆ ಮೊದಲೇ ತಿಳಿದುಕೊಂಡಿರಬೇಕಾದದ್ದು ಇಲ್ಲಿನ ಸ್ನೋ ಎಮರ್ಜೆನ್ಸಿ ನಿಯಮಗಳನ್ನು, ಅಂದರೆ ರಸ್ತೆಯ ಹಿಮ ತೆಗೆಯಲು ನಗರಾಡಳಿತ ಜಾರಿಗೊಳಿಸುವ ತಾತ್ಕಾಲಿಕ ನಿಲುಗಡೆ ನಿಯಮಗಳನ್ನು. ಒಂದು ರಾತ್ರಿ ತಪ್ಪು ಜಾಗದಲ್ಲಿ ನಿಲ್ಲಿಸಿದ ಕಾರಿಗೆ ದಂಡ, ಅದನ್ನು ಎಳೆದೊಯ್ದ ಶುಲ್ಕ, ಇಂಪೌಂಡ್ ಲಾಟ್‌ನಲ್ಲಿ ಇರಿಸಿಕೊಂಡ ದಿನಗಳ ಬಾಡಿಗೆ ಎಲ್ಲವೂ ಒಟ್ಟಿಗೆ ಬಂದಾಗ, ವಿದ್ಯಾರ್ಥಿಯೊಬ್ಬರ ತಿಂಗಳ ಖರ್ಚೇ ಏರುಪೇರಾಗುತ್ತದೆ.

ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವುಗಳ ಹಿಂದಿರುವ ಕಾರಣವನ್ನು ಅರಿಯುವುದು ಲೇಸು. ಹಿಮ ತಳ್ಳುವ ಪ್ಲೋ ಲಾರಿ ರಸ್ತೆಯನ್ನು ಒಂದು ಅಂಚುಗಲ್ಲಿನಿಂದ ಇನ್ನೊಂದರವರೆಗೆ ಕೆರೆದು ಸ್ವಚ್ಛಗೊಳಿಸಬೇಕು. ಕಾರು ಅಡ್ಡ ನಿಂತಿದ್ದರೆ ಅದು ಸುತ್ತುಬಳಸಿ ಮುಂದೆ ಹೋಗುತ್ತದೆ. ಕಾರಿನ ಹಿಂದೆ ಮುಂದೆ ಉಳಿದ ಹಿಮದ ದಿಬ್ಬ ಹಗಲು ತುಸು ಕರಗಿ, ರಾತ್ರಿ ಹೆಪ್ಪುಗಟ್ಟಿ, ಗುದ್ದಲಿಗೂ ಜಗ್ಗದ ಮಂಜುಗಡ್ಡೆಯಾಗಿ ಕೆಲವೊಮ್ಮೆ ಮಾರ್ಚ್‌ವರೆಗೂ ಅಲ್ಲಿಯೇ ಇರುತ್ತದೆ. ಸಾಮಾನ್ಯ ಉಪ್ಪು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತನ್ನ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುವುದರಿಂದ, ಉಪ್ಪೆರಚಿ ಕರಗಿಸಿದರಾಯಿತು ಎನ್ನುವಂತೆಯೂ ಇಲ್ಲ. ಹೀಗೆ ಎರಡೂ ಬದಿಯಿಂದ ಕಿರಿದಾದ ಬೀದಿಯಲ್ಲಿ ಅಗ್ನಿಶಾಮಕ ವಾಹನ ನುಗ್ಗಲಾರದೆ ನಿಲ್ಲುತ್ತದೆ. ರಸ್ತೆಗಳು ತೀರ ಕಿರಿದಾದ ವರ್ಷಗಳಲ್ಲಿ ಏಪ್ರಿಲ್ 1ರವರೆಗೂ ಸಮಸಂಖ್ಯೆಯ ಮನೆಗಳಿರುವ ಬದಿಯಲ್ಲಿ ನಿಲುಗಡೆಯನ್ನೇ ನಿಷೇಧಿಸುವ ಅಧಿಕಾರ ನಗರಾಡಳಿತಕ್ಕಿದೆ. ಒಟ್ಟಿನಲ್ಲಿ ಈ ನಿಯಮಗಳೆಲ್ಲ ಪ್ಲೋ ಲಾರಿಯ ವೇಳಾಪಟ್ಟಿಯನ್ನೇ ಅನುಸರಿಸುತ್ತವೆ.

ಘೋಷಣೆಯನ್ನು ತಿಳಿಯುವುದು

ಹಿಮ ಬಿದ್ದಾಗಲೆಲ್ಲ ಸ್ನೋ ಎಮರ್ಜೆನ್ಸಿ ಇರುವುದಿಲ್ಲ. ನಗರಾಡಳಿತ ಘೋಷಿಸಿದಾಗ ಮಾತ್ರ ಅದು ಜಾರಿಗೆ ಬರುತ್ತದೆ. ಘೋಷಣೆ ಸಾಮಾನ್ಯವಾಗಿ ಸಂಜೆ 6 ಗಂಟೆಯೊಳಗೆ ಹೊರಬೀಳುತ್ತದೆ ಮತ್ತು ಅದೇ ರಾತ್ರಿ 9ಕ್ಕೆ ನಿಯಮಗಳು ಆರಂಭವಾಗುತ್ತವೆ. ಕೈಯಲ್ಲಿರುವುದು ಕೇವಲ ಮೂರು ಗಂಟೆ ಎಂದಾಯಿತು. ನವೆಂಬರ್‌ಗೆ ಮೊದಲೇ ನಗರದ ಮೊಬೈಲ್ ಸಂದೇಶ ಅಥವಾ ಇಮೇಲ್ ಸೇವೆಗೆ ಹೆಸರು ನೋಂದಾಯಿಸಿಕೊಳ್ಳಿ. 612-348-7669 ಎಂಬ ಹಿಮ ಸಹಾಯವಾಣಿಗೂ ಕರೆ ಮಾಡಿ ಕೇಳಬಹುದು. ಪಕ್ಕದ ಮನೆಯವರ ಕಾರು ಎಲ್ಲಿದೆ ಎಂದು ನೋಡಿ ಅದರ ಹಿಂದೆಯೇ ನಿಲ್ಲಿಸುವುದು ಬೇಡ, ಅವರೂ ತಪ್ಪಿರಬಹುದು.

ನಿಮ್ಮ ರಸ್ತೆ ಯಾವ ಬಗೆಯದು?

ಘೋಷಣೆ ಬರುವ ಮೊದಲೇ, ಬಿಸಿಲಿರುವ ಒಂದು ದಿನ ಮನೆಯ ಸುತ್ತಲಿನ ನಾಲ್ಕು ಬೀದಿಗಳಲ್ಲಿ ನಡೆದುಬನ್ನಿ. ಮುಖ್ಯ ಸಂಚಾರದ ರಸ್ತೆಗಳಲ್ಲಿ ‘ಸ್ನೋ ಎಮರ್ಜೆನ್ಸಿ ರೂಟ್’ ಎಂಬ ಕೆಂಪು ಫಲಕಗಳಿರುತ್ತವೆ. ಕೆರೆ, ಉದ್ಯಾನಗಳ ಬದಿಯಲ್ಲಿ ಸಾಗುವ ಪಾರ್ಕ್‌ವೇಗಳು ಇನ್ನೊಂದು ಬಗೆಯವು. ಉಳಿದವು ಸಾಮಾನ್ಯ ವಸತಿ ಬೀದಿಗಳು. ಮೂರಕ್ಕೂ ನಿಯಮಗಳು ಬೇರೆ ಬೇರೆ.

ಮೂರು ದಿನಗಳ ಲೆಕ್ಕ

ಮೊದಲ ದಿನವೆಂದರೆ ಘೋಷಣೆಯಾದ ದಿನದ ರಾತ್ರಿ 9ರಿಂದ ಮರುದಿನ ಬೆಳಿಗ್ಗೆ 8ರವರೆಗಿನ ಅವಧಿ. ಆ ರಾತ್ರಿ ಪ್ಲೋಗಳು ಕೆಂಪು ಫಲಕದ ಮುಖ್ಯ ರಸ್ತೆಗಳಿಗೆ ಇಳಿಯುವುದರಿಂದ ಅಲ್ಲಿ ಎರಡೂ ಬದಿಯಲ್ಲಿ ನಿಲ್ಲಿಸುವಂತಿಲ್ಲ. ವಸತಿ ಬೀದಿಗಳಲ್ಲೂ ಪಾರ್ಕ್‌ವೇಗಳಲ್ಲೂ ನಿಲ್ಲಿಸಬಹುದು. ಎರಡನೆಯ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ವಸತಿ ಬೀದಿಗಳ ಸಮಸಂಖ್ಯೆಯ ಬದಿಯಲ್ಲಿಯೂ ಪಾರ್ಕ್‌ವೇಗಳ ಎರಡೂ ಬದಿಯಲ್ಲಿಯೂ ನಿಲುಗಡೆ ನಿಷಿದ್ಧ. ಮೂರನೆಯ ದಿನ ಅದೇ ಹೊತ್ತಿನಲ್ಲಿ ವಸತಿ ಬೀದಿಗಳ ಬೆಸಸಂಖ್ಯೆಯ ಬದಿ ಖಾಲಿಯಿರಬೇಕು.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಸಮ, ಬೆಸ ಎಂಬುದು ತಾರೀಖಿನ ಲೆಕ್ಕವಲ್ಲ, ಮನೆ ಸಂಖ್ಯೆಯ ಲೆಕ್ಕ. ಒಂದು ಉದಾಹರಣೆ ನೋಡೋಣ. ನಿಮ್ಮ ಮನೆ ಸಂಖ್ಯೆ 3412, ಎದುರು ಸಾಲಿನಲ್ಲಿರುವುದು 3415 ಎಂದಿಟ್ಟುಕೊಳ್ಳಿ. ಸೋಮವಾರ ಸಂಜೆ ಘೋಷಣೆಯಾಯಿತು. ನಿಮ್ಮದು ವಸತಿ ಬೀದಿಯಾದ್ದರಿಂದ ಆ ರಾತ್ರಿ ಕಾರು ಮನೆಯ ಮುಂದೆಯೇ ಇರಬಹುದು. ಮಂಗಳವಾರ ಬೆಳಿಗ್ಗೆ 8ರೊಳಗೆ ಅದನ್ನು ಎದುರಿನ 3415ರ ಬದಿಗೆ ಒಯ್ಯಬೇಕು, ಇಲ್ಲವೇ ಅಷ್ಟರಲ್ಲಿ ಸ್ವಚ್ಛವಾಗಿರುವ ಹತ್ತಿರದ ಕೆಂಪು ಫಲಕದ ರಸ್ತೆಯಲ್ಲಿ ನಿಲ್ಲಿಸಬೇಕು. ಬುಧವಾರ ಬೆಳಿಗ್ಗೆ 8ರೊಳಗೆ ಮರಳಿ ನಿಮ್ಮ ಮನೆಯ ಬದಿಗೆ ತರಬೇಕು. ಸೋಮವಾರ ರಾತ್ರಿಯೇ ಎದುರು ಬದಿಯಲ್ಲಿ ನಿಲ್ಲಿಸಿ ಮಲಗಿದರೆ ಮಂಗಳವಾರದ ಮುಂಜಾನೆ ಚಳಿಯಲ್ಲಿ ಹಿಮ ಬಗೆಯುವ ಕೆಲಸ ತಪ್ಪುತ್ತದೆ. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಉಪಯುಕ್ತವಾದ ಉಪಾಯ ಬೇರೊಂದಿಲ್ಲ.

ರಸ್ತೆಯ ಪೂರ್ತಿ ಅಗಲವನ್ನು ಪ್ಲೋ ಕೆರೆದು ಮುಗಿಸಿದ್ದರೆ ನಿಗದಿತ ಗಂಟೆಗೆ ಮೊದಲೇ ಅಲ್ಲಿ ನಿಲ್ಲಿಸಬಹುದು. ಆದರೆ ಲಾರಿ ಒಮ್ಮೆ ಹಾದುಹೋದದ್ದನ್ನು ಕಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸಬೇಡಿ. ಮೊದಲ ಸುತ್ತಿನಲ್ಲಿ ಅದು ನಡುವಿನ ಹಿಮವನ್ನಷ್ಟೇ ಬದಿಗೆ ಸರಿಸಿರಬಹುದು. ಅಂಚುಗಲ್ಲಿನವರೆಗೆ ಡಾಂಬರು ಅಥವಾ ಸಮತಟ್ಟಾಗಿ ಕೆರೆದ ಗುರುತು ಕಾಣಿಸಿದಾಗ ಮಾತ್ರ ಕಾರು ತನ್ನಿ. ಮೂರು ದಿನಗಳ ನಡುವೆ ಮತ್ತೆ ಭಾರಿ ಹಿಮ ಬಿದ್ದು ಹೊಸ ಘೋಷಣೆ ಬಂದರೆ ಲೆಕ್ಕ ಮತ್ತೆ ಮೊದಲ ದಿನದಿಂದ ಶುರುವಾಗುತ್ತದೆ.

ಕಾರನ್ನು ಹೊರತೆಗೆಯುವಾಗ

ಎಂಜಿನ್ ಚಾಲೂ ಮಾಡುವ ಮುನ್ನ ಹೊಗೆಕೊಳವೆಯ ಸುತ್ತಲಿನ ಹಿಮವನ್ನು ತೆಗೆಯಿರಿ. ಕೊಳವೆ ಮುಚ್ಚಿಕೊಂಡಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿ ಪ್ರಾಣಕ್ಕೇ ಎರವಾಗಬಹುದು. ಮಕ್ಕಳನ್ನು ಬೆಚ್ಚಗೆ ಕಾರಿನೊಳಗೆ ಕೂರಿಸಿ ತಂದೆ ತಾಯಿ ಹೊರಗೆ ಹಿಮ ತೆಗೆಯುವುದು ಸಹಜವಾಗಿ ಕಾಣುತ್ತದೆ, ಅಪಾಯವಿರುವುದೇ ಅಲ್ಲಿ. ದಯವಿಟ್ಟು ಹಾಗೆ ಮಾಡಬೇಡಿ. ಬಳಿಕ ಗಾಜು, ದೀಪಗಳು, ಮೇಲ್ಛಾವಣಿ ಎಲ್ಲವನ್ನೂ ಸ್ವಚ್ಛಗೊಳಿಸಿ. ಛಾವಣಿಯ ಮೇಲೆ ಬಿಟ್ಟ ಹಿಮ ಬ್ರೇಕ್ ಹಾಕಿದೊಡನೆ ಜಾರಿ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಬಗೆದ ಹಿಮವನ್ನು ಸಾರ್ವಜನಿಕ ರಸ್ತೆಗೆ ತಳ್ಳುವುದು ಮಿನ್ನೆಸೋಟ ಕಾನೂನಿಗೆ ವಿರುದ್ಧ.

ಓಡಿಸುವಾಗ

ಹಿಮ ಬೀಳುತ್ತಿರುವಾಗ ಹಗಲಾದರೂ ಹೆಡ್‌ಲೈಟ್ ಹಚ್ಚಿರಬೇಕೆಂಬುದು ರಾಜ್ಯದ ಕಾನೂನು. ವೇಗವನ್ನು ತಾನಾಗಿಯೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಬಳಸಬೇಡಿ. ಕೆಳಗಿನಿಂದಲೂ ತಣ್ಣನೆಯ ಗಾಳಿ ಹಾಯುವುದರಿಂದ ಸೇತುವೆಗಳು ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ. ಮಿಸಿಸಿಪಿ ನದಿಯನ್ನು ಹಲವು ಸೇತುವೆಗಳ ಮೇಲೆ ದಾಟುವ ಈ ಊರಿನಲ್ಲಿ ಇದನ್ನು ಸದಾ ನೆನಪಿಡಬೇಕು. ಬ್ರೇಕ್ ಹಾಕಿದಾಗ ಚಕ್ರಗಳು ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಇರುವ ಕಾರು ಜಾರಿದಾಗ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಗಟ್ಟಿಯಾಗಿ ಒತ್ತಿಹಿಡಿದು, ಹೋಗಬೇಕಾದ ದಿಕ್ಕಿಗೆ ಸ್ಟಿಯರಿಂಗ್ ತಿರುಗಿಸಿ. ಕಾಲಡಿಯಲ್ಲಿ ಪೆಡಲ್ ನಡುಗಿದರೆ ಗಾಬರಿಯಾಗಬೇಕಿಲ್ಲ, ಎಬಿಎಸ್ ಕೆಲಸ ಮಾಡುತ್ತಿದೆ ಎಂದರ್ಥ.

ಪ್ಲೋ ಲಾರಿಯ ಹಿಂದೆ ಸಿಕ್ಕಿಕೊಂಡರೆ ಹತ್ತು ಕಾರುಗಳಷ್ಟು ದೂರ ಉಳಿಯಿರಿ ಎಂಬುದು ರಾಜ್ಯ ಸಾರಿಗೆ ಇಲಾಖೆಯ ಸಲಹೆ. ಅದು ಎಬ್ಬಿಸುವ ಹಿಮದ ಮೋಡದೊಳಗೆ ಮುಂದಿನದೇನೂ ಕಾಣಿಸುವುದಿಲ್ಲ, ಚಾಲಕನಿಗೂ ಹಿಂದಿರುವ ನೀವು ಕಾಣಿಸುವುದಿಲ್ಲ. ಅದರ ಹಿಂದೆ ಸ್ವಚ್ಛವಾದ ರಸ್ತೆಯೂ ಮುಂದೆ ದಪ್ಪ ಹಿಮವೂ ಇರುವುದರಿಂದ, ಹಿಂದಿಕ್ಕುವ ಆತುರಕ್ಕಿಂತ ಹಿಂದೆಯೇ ನಿಧಾನವಾಗಿ ಸಾಗುವುದು ಸುರಕ್ಷಿತ.

ಊರು ಬದಲಾದರೆ ನಿಯಮವೂ ಬದಲು

ನದಿಯಾಚೆಯ ಸೇಂಟ್ ಪಾಲ್‌ನಲ್ಲಿ ಸಮ, ಬೆಸದ ಲೆಕ್ಕವಿಲ್ಲ. ಅಲ್ಲಿ ‘ನೈಟ್ ಪ್ಲೋ’ ಫಲಕವಿರುವ ಕಡೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿಲ್ಲಿಸುವಂತಿಲ್ಲ. ಫಲಕವಿಲ್ಲದ ಬೀದಿಗಳು ಮರುದಿನ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಖಾಲಿಯಿರಬೇಕು. ಮಿನಿಯಾಪೊಲಿಸ್‌ನಲ್ಲಿದ್ದು ಸೇಂಟ್ ಪಾಲ್‌ನ ಗೆಳೆಯರ ಮನೆಯಲ್ಲಿ ರಾತ್ರಿ ತಂಗುವವರು ಇದನ್ನು ಮರೆಯಬಾರದು. ಹಲವು ಉಪನಗರಗಳಲ್ಲಿ ಚಳಿಗಾಲದುದ್ದಕ್ಕೂ ರಾತ್ರಿ ರಸ್ತೆಬದಿ ನಿಲುಗಡೆಯೇ ಇಲ್ಲ. ಶಿಕಾಗೊದಲ್ಲಂತೂ ಸುಮಾರು 107 ಮೈಲಿ ಮುಖ್ಯ ರಸ್ತೆಗಳಲ್ಲಿ ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ, ಹಿಮ ಬೀಳಲಿ ಬಿಡಲಿ, ಬೆಳಗಿನ ಜಾವ 3ರಿಂದ 7ರವರೆಗೆ ನಿಲುಗಡೆ ನಿಷಿದ್ಧ.

ಮನೆ ಹುಡುಕುತ್ತಿರುವವರು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಮಾಲೀಕರನ್ನು ಎರಡು ಪ್ರಶ್ನೆ ಕೇಳಿ: ಸ್ನೋ ಎಮರ್ಜೆನ್ಸಿಯಲ್ಲಿ ಬಾಡಿಗೆದಾರರ ಕಾರಿಗೆ ಆವರಣದೊಳಗೆ ಜಾಗವಿದೆಯೇ, ಮತ್ತು ಕಟ್ಟಡದ ಸ್ವಂತ ಪಾರ್ಕಿಂಗ್ ಜಾಗದ ಹಿಮ ತೆಗೆಸುವಾಗ ಅಲ್ಲಿನ ಕಾರುಗಳನ್ನು ಎಷ್ಟು ಹೊತ್ತಿಗೆ, ಎಲ್ಲಿಗೆ ಒಯ್ಯಬೇಕು? ಎರಡಕ್ಕೂ ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.