ಹೊಳೆ ದಂಡೆಯ ಪಟ್ಟಣದಲ್ಲಿ ತುರ್ತು ತಂಡ ಕಟ್ಟುವುದು ಹೇಗೆ?

ನಂಜನಗೂಡಿನಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಊರೊಳಗೆ ನೀರು ನುಗ್ಗಬಹುದು. ಮಳೆ ಸುರಿಯುವುದು ಕೇರಳದ ವಯನಾಡಿನಲ್ಲಿ. ಆ ನೀರು ಬಂದು ಸೇರುವ ಕಬಿನಿ ಅಣೆಕಟ್ಟೆಯ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,284 ಅಡಿ. ನೀರು ಅದರ ಹತ್ತಿರ ಬಂತು ಅಂದರೆ ಗೇಟು ಎತ್ತಲೇಬೇಕು. ಆ ನೀರು ಕಪಿಲೆಯಲ್ಲಿ (ಕಬಿನಿಗೆ ಇನ್ನೊಂದು ಹೆಸರು) ಇಳಿದು ಬಂದು ಮೊದಲು ಸ್ನಾನಘಟ್ಟ, ಆಮೇಲೆ ಹದಿನಾರು ಕಾಲು ಮಂಟಪ, ಆಮೇಲೆ ತಗ್ಗಿನ ಬೀದಿಗಳು, ಮಲ್ಲನಮೂಲೆ ಮಠದ ಹತ್ತಿರ ಮೈಸೂರು–ಊಟಿ ರಸ್ತೆ, ಹೀಗೆ ಒಂದೊಂದನ್ನೇ ಮುಳುಗಿಸುತ್ತದೆ. 2019ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ ಹೊರಹರಿವು 1 ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ ನೀರು) ದಾಟಿತ್ತು. ಅದರ ಹಿಂದಿನ ವರ್ಷವೂ ಊರು ನೆರೆ ಕಂಡಿತ್ತು.

ಇಂಥ ನೆರೆಯಲ್ಲಿ ಒಂದು ಅನುಕೂಲ ಇದೆ. ಸ್ವಲ್ಪ ಸಮಯ ಸಿಗುತ್ತದೆ. ಗೇಟು ಎತ್ತಿದ ಸುದ್ದಿ ನೀರಿಗಿಂತ ಮೊದಲು ಬರುತ್ತದೆ. ಆದರೆ ಯಾವ ಮನೆ ಬಾಗಿಲನ್ನು ಯಾರು ತಟ್ಟಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡಿರದಿದ್ದರೆ ಆ ಸಮಯವೆಲ್ಲ ಫೋನಿನಲ್ಲೇ ಕಳೆದುಹೋಗುತ್ತದೆ. ಕೆಳಗೆ ಬರೆದಿರುವುದು ಆ ಗೊತ್ತು ಮಾಡಿಕೊಳ್ಳುವ ಕೆಲಸದ ಬಗ್ಗೆ. ಉದಾಹರಣೆಗೆ ನಂಜನಗೂಡನ್ನು ಇಟ್ಟುಕೊಂಡಿದ್ದೇನೆ. ಗೋಕಾಕ, ಶಿವಮೊಗ್ಗ, ಹೀಗೆ ಹೊಳೆ ದಂಡೆಯಲ್ಲಿರುವ ಯಾವ ಊರಿಗಾದರೂ ಸ್ವಲ್ಪ ತಿದ್ದಿಕೊಂಡರೆ ಆಯಿತು.

ಮೊದಲು ಒಂದು ಆದೇಶ

ಹತ್ತು ಜನ ಉತ್ಸಾಹಿಗಳು ಸೇರಿ ವಾಟ್ಸ್ಆ್ಯಪ್ ಗ್ರೂಪ್ ಮಾಡಿಕೊಂಡರೆ ತಂಡ ಆಗುವುದಿಲ್ಲ. ನೆರೆ ಬಂದ ದಿನ ಜೆಸಿಬಿ ಕರೆಸಬೇಕು, ಕಲ್ಯಾಣ ಮಂಟಪದ ಬೀಗ ತೆಗೆಸಬೇಕು, ಟ್ರಾನ್ಸ್‌ಫಾರ್ಮರ್ ಆಫ್ ಮಾಡಿಸಬೇಕು. ಇದಕ್ಕೆಲ್ಲ ಸಹಿ ಹಾಕುವ ಅಧಿಕಾರ ಇರುವವರು ಬೇಕು. ಅದಕ್ಕೇ ತಂಡ ಪುರಸಭೆ ಅಥವಾ ನಗರಸಭೆಯ ಒಳಗಿಂದಲೇ ಹುಟ್ಟಬೇಕು.

ಕಾನೂನು ನಿಮ್ಮ ಪರವಾಗಿಯೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆಗಳು ತಮ್ಮದೇ ವಿಪತ್ತು ಯೋಜನೆ ಮಾಡಿಕೊಳ್ಳಬೇಕು. ಸಿಬ್ಬಂದಿಗೆ ತರಬೇತಿ ಕೊಡಿಸಬೇಕು, ಸಲಕರಣೆ ಕೆಲಸಕ್ಕೆ ಸಿದ್ಧ ಇರುವಂತೆ ನೋಡಿಕೊಳ್ಳಬೇಕು ಅಂತ 41ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ನೀವು ವಾರ್ಡಿನ ನಿವಾಸಿಯಾಗಿ ಅರ್ಜಿ ಕೊಡುವಾಗ ಯಾವುದೋ ಹೊಸ ಯೋಜನೆ ಬೇಡುತ್ತಿಲ್ಲ, ಆಗಲೇಬೇಕಾದ ಕೆಲಸವನ್ನು ಕೇಳುತ್ತಿದ್ದೀರಿ. ಈ ಎರಡು ಸೆಕ್ಷನ್ ನಂಬರನ್ನೂ ಅರ್ಜಿಯಲ್ಲಿ ಬರೆಯಿರಿ.

ಅಧ್ಯಕ್ಷತೆ ಪೌರಾಯುಕ್ತರದ್ದೋ ಮುಖ್ಯಾಧಿಕಾರಿಯದ್ದೋ ಆಗಿರಲಿ. ಚುನಾಯಿತ ಅಧ್ಯಕ್ಷರು, ಸದಸ್ಯರು ಖಂಡಿತ ಜೊತೆಗಿರಬೇಕು. ಆದರೆ ಕೌನ್ಸಿಲ್ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕೂರುವ ಕಾಲವೂ ಇರುತ್ತದೆ, ಆಗ ತಂಡ ನಿಂತುಹೋಗಬಾರದು ಅಲ್ವಾ? ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ, ಅದರ ಮೇಲೆ ಕಚೇರಿ ಆದೇಶ ಹೊರಡಿಸಿ, ಪ್ರತಿಯನ್ನು ತಹಶೀಲ್ದಾರರಿಗೂ ಜಿಲ್ಲಾಧಿಕಾರಿ ಕಚೇರಿಗೂ ಕಳಿಸಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನಿಮ್ಮ ತಂಡ ಅವರ ಕೈಕೆಳಗೆ ಕೆಲಸ ಮಾಡುತ್ತದೆ, ಅವರಿಗೆ ಪರ್ಯಾಯವಾಗಿ ಅಲ್ಲ.

ಯಾರ್‍ಯಾರು ಇರಬೇಕು

ದೊಡ್ಡ ಪಟ್ಟಿ ಮಾಡಬೇಡಿ. ನಲವತ್ತು ಜನರ ಸಮಿತಿ ಸಭೆ ಸೇರಿ ಚಹಾ ಕುಡಿದು ಏಳುತ್ತದೆ. ನಗರಸಭೆಯ ಎಂಜಿನಿಯರ್, ಹೆಲ್ತ್ ಇನ್ಸ್‌ಪೆಕ್ಟರ್, ಕಂದಾಯ ನಿರೀಕ್ಷಕರು, ಪೊಲೀಸ್ ಠಾಣೆಯಿಂದ ಒಬ್ಬರು, ಅಗ್ನಿಶಾಮಕ ಠಾಣೆಯಿಂದ ಒಬ್ಬರು, ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯರು, ವಿದ್ಯುತ್ ಕಂಪನಿ ಸೆಸ್ಕ್‌ನ ಸೆಕ್ಷನ್ ಅಧಿಕಾರಿ. ಇವರು ಮೇಲಿನ ಹಂತ.

ನಿಜವಾದ ತಂಡ ಇರುವುದು ಅದರ ಕೆಳಗೆ. ಯಾವ ವಾಲ್ವ್ ಎಲ್ಲಿದೆ ಅಂತ ಗೊತ್ತಿರುವ ವಾಲ್‌ಮನ್. ಕತ್ತಲಲ್ಲೂ ಕಂಬ ಹುಡುಕಬಲ್ಲ ಲೈನ್‌ಮನ್. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಡಯಾಲಿಸಿಸ್ ನಡೆಯುತ್ತಿದೆ ಅಂತ ಬಾಯಲ್ಲೇ ಹೇಳಬಲ್ಲ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಹೊಳೆಯ ಸುಳಿ ಬಲ್ಲ ಮೀನುಗಾರರು, ಹರಿಗೋಲಿನವರು. ಇವರನ್ನು ಸುಮ್ನೆ ಕರೆದು ಹಿಂದಿನ ಸಾಲಲ್ಲಿ ಕೂರಿಸಬೇಡಿ. ಮೊದಲು ಅವರನ್ನೇ ಮಾತಾಡಿಸಿ. ಹಿಂದಿನ ನೆರೆಯಲ್ಲಿ ನೀರು ಯಾವ ಕಡೆಯಿಂದ ಬಂತು, ಎಷ್ಟು ಹೊತ್ತಿಗೆ ಯಾವ ಮೆಟ್ಟಿಲು ಮುಟ್ಟಿತು ಅಂತ ನಿಮಗೆ ಯಾವ ನಕ್ಷೆಯೂ ಅವರಷ್ಟು ಚೆನ್ನಾಗಿ ಹೇಳುವುದಿಲ್ಲ.

ಒಂದೊಂದು ಕೆಲಸಕ್ಕೂ ಒಬ್ಬರ ಹೆಸರು, ಅವರು ಸಿಗದಿದ್ದರೆ ಇನ್ನೊಬ್ಬರ ಹೆಸರು. "ಆರೋಗ್ಯ ಶಾಖೆ" ಅಂತ ಬರೆದರೆ ಸಾಲದು. ಶಾಖೆ ಫೋನ್ ಎತ್ತುವುದಿಲ್ಲ, ಮನುಷ್ಯರು ಎತ್ತುತ್ತಾರೆ.

ಯುವಕರು ಬೇಕಿದ್ದರೆ, ವಿಪತ್ತಿನ ಕೆಲಸಕ್ಕೆ ಸ್ವಯಂಸೇವಕರನ್ನು ಸಿದ್ಧಪಡಿಸುವ ಆಪದ ಮಿತ್ರ ಯೋಜನೆಯಲ್ಲಿ ತರಬೇತಿ ಪಡೆದವರು ನಿಮ್ಮ ತಾಲ್ಲೂಕಿನಲ್ಲಿ ಇದ್ದಾರಾ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಗೃಹರಕ್ಷಕ ದಳದವರೂ ಸಿಗುತ್ತಾರೆ.

ಬೀದಿ ಪಟ್ಟಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡಲು ಸಮಯ ಇದ್ದರೆ ಇದನ್ನು ಮಾಡಿ.

ತಗ್ಗಿನ ಬೀದಿಗಳನ್ನು ಆರಿಸಿಕೊಳ್ಳಿ. ಪ್ರತಿ ಬೀದಿಗೆ ಒಂದು ನೋಟ್‌ಬುಕ್. ಮನೆ ಮನೆಗೆ ಹೋಗಿ ಬರೆಯಬೇಕು. ಸಾಲು ಹೀಗಿರಲಿ: "ಮನೆ 14. ಹೆಂಚಿನ ಮನೆ, ಮಹಡಿ ಇಲ್ಲ. ಐದು ಜನ. ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಎತ್ತಿಕೊಂಡೇ ಹೋಗಬೇಕು, ಇಬ್ಬರು ಬೇಕು. ಎರಡು ಹಸು, ಒಂದು ಕರು. ನೆಂಟರ ಮನೆ ಊರಲ್ಲೇ ಇದೆ, ಅಲ್ಲಿಗೆ ಹೋಗುತ್ತಾರೆ. ಬಾಗಿಲು ತಟ್ಟುವವರು: ಮನೆ 11ರ ಮಗ." ಅಷ್ಟೇ. ಈ ಒಂದು ಸಾಲಿನಿಂದ ಎಷ್ಟು ವಿಷಯ ತೀರ್ಮಾನ ಆಗುತ್ತದೆ ನೋಡಿ: ಗಾಡಿ ಬೇಕಾ, ಸ್ಟ್ರೆಚರ್ ಬೇಕಾ, ದನಕ್ಕೆ ಜಾಗ ಬೇಕಾ, ಕಾಳಜಿ ಕೇಂದ್ರದಲ್ಲಿ (ಮನೆ ಬಿಟ್ಟವರು ತಂಗುವ ಜಾಗ) ಎಷ್ಟು ಜನಕ್ಕೆ ಅಡುಗೆ ಮಾಡಬೇಕು, ಎಲ್ಲ.

ಬಾಡಿಗೆ ಮನೆಯವರನ್ನು, ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಹೊರರಾಜ್ಯದ ಹುಡುಗರು ಇರುವ ಕೋಣೆಗಳನ್ನು, ಗುಡಿಸಲುಗಳನ್ನು ಬಿಡಬೇಡಿ. ಮತದಾರರ ಪಟ್ಟಿ ನೋಡಿ ಬರೆದರೆ ಇವರೆಲ್ಲ ತಪ್ಪಿಹೋಗುತ್ತಾರೆ. ಕನ್ನಡ ಬಾರದವರಿಗೆ ಅವರ ಭಾಷೆಯಲ್ಲಿ ಹೇಳಬಲ್ಲವರು ಯಾರು ಅಂತಲೂ ಬರೆದುಕೊಳ್ಳಿ. ಕಾಯಿಲೆಯ ವಿವರ ಇರುವ ಪುಸ್ತಕವನ್ನು ಗ್ರೂಪಿನಲ್ಲಿ ಫೋಟೊ ಹಾಕಬೇಡಿ. ಒಂದು ಪ್ರತಿ ಬೀದಿಯವರ ಹತ್ತಿರ, ಒಂದು ಕಚೇರಿಯಲ್ಲಿ, ಅಷ್ಟು ಸಾಕು. ಕಾಗದದಲ್ಲೇ ಇರಲಿ, ಏಕೆಂದರೆ ಕರೆಂಟ್ ಹೋಗಿ ಫೋನ್ ಸತ್ತ ಮೇಲೆ ಬೇಕಾಗುವ ಪುಸ್ತಕ ಇದು.

ಯಾವ ಮಟ್ಟಕ್ಕೆ ಏನು

"ಪರಿಸ್ಥಿತಿ ನೋಡಿಕೊಂಡು ತೀರ್ಮಾನ ಮಾಡೋಣ" ಅನ್ನುವ ಮಾತೇ ಅಪಾಯ. ನೋಡುತ್ತಾ ನೋಡುತ್ತಾ ಕತ್ತಲಾಗುತ್ತದೆ. ಮಟ್ಟ ಮೊದಲೇ ಬರೆದಿರಬೇಕು.

ಅಣೆಕಟ್ಟೆಯ ಎಂಜಿನಿಯರ್ ಕಚೇರಿಗೆ ಮೇ ತಿಂಗಳಲ್ಲೇ ಹೋಗಿ ಮೂರು ಪ್ರಶ್ನೆ ಕೇಳಿ. ಇಷ್ಟು ಕ್ಯೂಸೆಕ್ ಬಿಟ್ಟರೆ ನಮ್ಮ ಊರಿಗೆ ಎಷ್ಟು ಗಂಟೆಗೆ ಮುಟ್ಟುತ್ತದೆ? ಹೊರಹರಿವು ಹೆಚ್ಚಿಸುವ ಮೊದಲು ಯಾರಿಗೆ ಫೋನ್ ಮಾಡುತ್ತೀರಿ? ಆ ಪಟ್ಟಿಯಲ್ಲಿ ನಮ್ಮ ತಂಡದ ನಂಬರ್ ಸೇರಿಸುತ್ತೀರಾ? ಆಮೇಲೆ ಹಳೆಯ ನೆರೆಗಳ ಲೆಕ್ಕ ತೆಗೆದು, ಎಷ್ಟು ಕ್ಯೂಸೆಕ್ ಇದ್ದಾಗ ಯಾವ ಬೀದಿಗೆ ನೀರು ಬಂದಿತ್ತು ಅಂತ ಹೊಂದಿಸಿ. ಘಟ್ಟದ ಮೆಟ್ಟಿಲಿಗೋ ಸೇತುವೆಯ ಕಂಬಕ್ಕೋ ಹಳದಿ, ಕಿತ್ತಳೆ, ಕೆಂಪು ಗೆರೆ ಬಳಿಸಿ.

ಹಳದಿ ಗೆರೆ ಮುಟ್ಟಿದರೆ ಕಂಟ್ರೋಲ್ ರೂಮ್ ಶುರು, ಎಲ್ಲರಿಗೂ ಫೋನ್, ಕಾಳಜಿ ಕೇಂದ್ರದ ಬೀಗ ತೆಗೆದು ಗುಡಿಸುವುದು. ಕಿತ್ತಳೆ ಮುಟ್ಟಿದರೆ ಕಾಯಿಲೆಯವರು, ಗರ್ಭಿಣಿಯರು, ವಯಸ್ಸಾದವರು, ದನಕರು ಹೊರಡಬೇಕು. ಕೆಂಪು ಅಂದರೆ ಎಲ್ಲರೂ, ಮತ್ತು ಆ ಬೀದಿಯ ಕರೆಂಟ್ ಬಂದ್. ನೀರು ಮೀಟರ್ ಬೋರ್ಡ್ ಮುಟ್ಟುವ ಮೊದಲೇ ಲೈನ್ ಆಫ್ ಆಗಿರಬೇಕು. ಇನ್ನೊಂದು ನಿಯಮ ಸೇರಿಸಿ: ರಾತ್ರಿ ಕೆಂಪು ಮುಟ್ಟುವ ಸಾಧ್ಯತೆ ಇದ್ದರೆ ಸಂಜೆ ಬೆಳಕಿರುವಾಗಲೇ ಖಾಲಿ ಮಾಡಿಸುವುದು. ನೀರು ಬಾರದೆ ಜನ ಬೈದರೂ ಪರವಾಗಿಲ್ಲ, ಬೈಸಿಕೊಳ್ಳಿ.

ಮಳೆಗೂ ಇದೇ ರೀತಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಭಾಗದ ಮಳೆ ಮಾಹಿತಿ ಸಿಗುತ್ತದೆ.

ಸುದ್ದಿ ಮುಟ್ಟಿಸುವುದು

ಆಟೊಗೆ ಮೈಕ್ ಕಟ್ಟಿ ಕಳಿಸಿ. ದೇವಸ್ಥಾನ, ಮಸೀದಿ, ಚರ್ಚುಗಳ ಧ್ವನಿವರ್ಧಕ ಬಳಸಲು ಮೊದಲೇ ಮಾತಾಡಿಟ್ಟುಕೊಳ್ಳಿ. ಹೇಳುವ ಮಾತು ಚಿಕ್ಕದಿರಲಿ: "ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟಿದ್ದಾರೆ. ಈ ಬೀದಿಯವರು ಸಂಜೆ ಐದರೊಳಗೆ ಕಲ್ಯಾಣ ಮಂಟಪಕ್ಕೆ ಬನ್ನಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಾತ್ರೆ ತನ್ನಿ. ದನಗಳಿಗೆ ಎಪಿಎಂಸಿ ಯಾರ್ಡಿನಲ್ಲಿ ಜಾಗ ಇದೆ." ಏನು, ಎಲ್ಲಿಗೆ, ಎಷ್ಟು ಹೊತ್ತಿಗೆ. "ಸಾರ್ವಜನಿಕರು ಎಚ್ಚರಿಕೆಯಿಂದಿರತಕ್ಕದ್ದು" ಅಂತ ಕೂಗಿದರೆ ಯಾರೂ ಎದ್ದು ಬರುವುದಿಲ್ಲ.

ಡ್ಯಾಮ್ ಒಡೆಯಿತು ಅನ್ನುವ ಸುಳ್ಳು ಸುದ್ದಿ ಹಬ್ಬಬಹುದು. ಸುಳ್ಳು ಎಚ್ಚರಿಕೆ ಹರಡಿ ಗಾಬರಿ ಹುಟ್ಟಿಸಿದರೆ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಇದೆ. ಆದರೆ ಅದಕ್ಕಿಂತ ಒಳ್ಳೆಯ ಉಪಾಯ, ಪ್ರತಿ ಎರಡು ಗಂಟೆಗೆ ತಂಡವೇ ನಿಜವಾದ ಮಟ್ಟವನ್ನು ಹೇಳುತ್ತಿರುವುದು.

ಜನ ಯಾಕೆ ಮನೆ ಬಿಡುವುದಿಲ್ಲ

ಹಟಕ್ಕಲ್ಲ. ಕಳ್ಳರ ಭಯ, ದನದ ಚಿಂತೆ, ಕೇಂದ್ರದಲ್ಲಿ ಶೌಚಾಲಯ ಹೇಗಿರುತ್ತದೋ ಅನ್ನುವ ಅನುಮಾನ. ಖಾಲಿಯಾದ ಬೀದಿಗೆ ಪೊಲೀಸ್ ಬೀಟ್ ಹಾಕಿಸಿ, ಅದನ್ನು ಮೈಕಿನಲ್ಲೇ ಹೇಳಿ. ದನಕ್ಕೆ ಜಾಗ, ಮೇವು, ನೀರು, ಪಶುವೈದ್ಯರು ಇರಲಿ. ಕಾಳಜಿ ಕೇಂದ್ರಕ್ಕೆ ಸರ್ಕಾರಿ ಶಾಲೆಯೇ ಆಗಬೇಕು ಅಂತಿಲ್ಲ, ಎಷ್ಟೋ ಶಾಲೆಗಳು ತಗ್ಗಿನಲ್ಲೇ ಇರುತ್ತವೆ. ಎತ್ತರದ ಕಲ್ಯಾಣ ಮಂಟಪ, ಸಮುದಾಯ ಭವನ ನೋಡಿ. ಹೆಂಗಸರ ಶೌಚಾಲಯಕ್ಕೆ ಒಳಗಿಂದ ಚಿಲಕ ಇದೆಯಾ, ಹೋಗುವ ದಾರಿಗೆ ದೀಪ ಇದೆಯಾ ಅಂತ ತಂಡದ ಒಬ್ಬ ಹೆಣ್ಣುಮಗಳು ಖುದ್ದಾಗಿ ಹೋಗಿ ನೋಡಿ ಬರಲಿ. ಪ್ಯಾಡ್, ಮಕ್ಕಳಿಗೆ ಹಾಲು, ಹಾಲೂಡಿಸಲು ಮರೆಯಾದ ಜಾಗ ಮರೆಯಬೇಡಿ.

ಕುಡಿಯುವ ನೀರಿನ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ಹೊಳೆ ಉಕ್ಕಿದಾಗ ಅದರಿಂದ ಊರಿಗೆ ನೀರೆತ್ತುವ ಜಾಕ್‌ವೆಲ್‌ನ ಮೋಟರ್‌ಗಳೂ ಮುಳುಗಬಹುದು, ಆಗ ಊರೆಲ್ಲ ನೀರಿದ್ದೂ ನಲ್ಲಿ ಒಣಗುತ್ತದೆ. ಯಾವ ಬೋರ್‌ವೆಲ್‌ನಿಂದ ಟ್ಯಾಂಕರ್ ತುಂಬಿಸುವುದು, ಅಲ್ಲಿ ಜನರೇಟರ್ ಇದೆಯಾ, ಮೊದಲೇ ಬರೆದಿಡಿ.

ದುಡ್ಡು

ಜೆಸಿಬಿ, ಟ್ರ್ಯಾಕ್ಟರ್, ದೋಣಿ, ಪಂಪ್‌ಸೆಟ್, ಊಟ, ಶಾಮಿಯಾನ ಇವುಗಳ ದರ ಒಪ್ಪಂದವನ್ನು ಮೇ ಒಳಗೆ ಮುಗಿಸಿ. ತುರ್ತಿನಲ್ಲಿ ಟೆಂಡರ್ ಇಲ್ಲದೆ ಖರೀದಿಸಲು ಅದೇ ಕಾಯ್ದೆಯ 50ನೇ ಸೆಕ್ಷನ್‌ನಲ್ಲಿ ದಾರಿ ಇದೆ, ಆದರೆ ಆ ತೀರ್ಮಾನ ಜಿಲ್ಲಾ ಪ್ರಾಧಿಕಾರ ಅಥವಾ ಅದರ ಮೇಲಿನವರದ್ದು. ಆ ದಿನ ಕಡತ ಹಿಡಿದು ಓಡಾಡುವುದಕ್ಕಿಂತ ಮೊದಲೇ ದರ ಗೊತ್ತಿರುವುದು ವಾಸಿ.

ಯಾರನ್ನೂ ಬಲಿ ಕೊಡಬೇಡಿ

ಸ್ವಯಂಸೇವಕರು ಹರಿಯುವ ನೀರಿಗೆ ಇಳಿಯಬಾರದು. ಮೊಣಕಾಲುದ್ದ ನೀರೂ ಜೋರಾಗಿ ಹರಿಯುತ್ತಿದ್ದರೆ ಮನುಷ್ಯನನ್ನು ಕೆಡವುತ್ತದೆ. ಆ ಕೆಲಸ ಅಗ್ನಿಶಾಮಕ ದಳದ್ದು, ರಾಜ್ಯ ವಿಪತ್ತು ಪಡೆಯಾದ ಎಸ್‌ಡಿಆರ್‌ಎಫ್‌ನದ್ದು. ನಿಮ್ಮವರ ಕೆಲಸ ಸೇತುವೆಯ ಎರಡೂ ಕಡೆ ಬ್ಯಾರಿಕೇಡ್ ಹಾಕಿ ನಿಲ್ಲುವುದು, ಸೆಲ್ಫಿಗೆ ಬರುವವರನ್ನು ವಾಪಸ್ ಕಳಿಸುವುದು.

ಪೌರಕಾರ್ಮಿಕರಿಗೆ ಗಂಬೂಟು, ಗ್ಲೌಸು, ರೇನ್‌ಕೋಟು, ಧನುರ್ವಾಯು ತಡೆಯುವ ಇಂಜೆಕ್ಷನ್ ಮಳೆಗಾಲಕ್ಕೆ ಮೊದಲೇ ಸಿಗಬೇಕು. ಕೊಳೆನೀರಿನಲ್ಲಿ ಇಲಿಜ್ವರ ಬರುತ್ತದೆ, ಯಾವ ಮಾತ್ರೆ ಕೊಡಬೇಕು ಅಂತ ವೈದ್ಯರನ್ನು ಕೇಳಿ. ಮ್ಯಾನ್‌ಹೋಲ್ ಕಟ್ಟಿಕೊಂಡಿದೆ ಅಂತ ಯಾರನ್ನೂ ಒಳಗೆ ಇಳಿಸಬೇಡಿ. ನೆರೆ ಬಂದಿದೆ ಅನ್ನುವುದು ಅದಕ್ಕೆ ನೆಪ ಆಗಬಾರದು. ನೀರಿನ ರಭಸದಿಂದ ಚರಂಡಿ ಬಿಡಿಸುವ ಜೆಟ್ಟಿಂಗ್ ಗಾಡಿ ಇಲ್ಲದಿದ್ದರೆ ಪಕ್ಕದ ಊರಿನಿಂದ ತರಿಸುವ ಏರ್ಪಾಡು ಕಾಗದದ ಮೇಲೆ ಇರಲಿ.

ಅಭ್ಯಾಸ

ನಮ್ಮ ಊರುಗಳಿಗೆ ಜನಸಂದಣಿ ಸಂಭಾಳಿಸುವುದು ಹೊಸದಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವ ದಿನ ಬ್ಯಾರಿಕೇಡ್, ಆಂಬುಲೆನ್ಸ್ ದಾರಿ, ಕುಡಿಯುವ ನೀರು, ತಪ್ಪಿಸಿಕೊಂಡ ಮಕ್ಕಳ ಘೋಷಣೆ ಎಲ್ಲ ನಡೆಯುತ್ತದೆ. ಜಾತ್ರೆಯ ಬಂದೋಬಸ್ತ್ ಆದೇಶವನ್ನೇ ತೆಗೆದು ಎದುರಿಗಿಟ್ಟುಕೊಂಡು ನೆರೆಯ ಯೋಜನೆ ಬರೆಯಿರಿ. ಅರ್ಧ ಕೆಲಸ ಅಲ್ಲೇ ಆಗಿರುತ್ತದೆ, ಹೆಸರುಗಳೂ ಬಹುಪಾಲು ಅವೇ.

ಮೇ ಕೊನೆಯ ಒಂದು ಭಾನುವಾರ ಒಂದೇ ಬೀದಿಯಲ್ಲಿ ಅಣಕು ಕಾರ್ಯಾಚರಣೆ ಮಾಡಿ. ಮೈಕ್ ಕೂಗಿದ ಹೊತ್ತಿನಿಂದ ಕೊನೆಯ ಮನೆಯವರು ಮಂಟಪ ಮುಟ್ಟುವವರೆಗೆ ಗಡಿಯಾರ ನೋಡಿ. ಮಂಟಪದ ಬೀಗದ ಕೈ ಇಟ್ಟುಕೊಂಡವರು ಊರಲ್ಲಿಲ್ಲ, ಮೈಕಿನ ಬ್ಯಾಟರಿ ಇಳಿದಿದೆ, ಬರೆದಿಟ್ಟ ನಂಬರ್ ಬದಲಾಗಿದೆ, ಇಂಥವೆಲ್ಲ ಅಂದೇ ಹೊರಬೀಳುತ್ತವೆ.

ಯಾವ ತುರ್ತಿಗಾದರೂ 112, ಆಂಬುಲೆನ್ಸ್‌ಗೆ 108, ಅಗ್ನಿಶಾಮಕಕ್ಕೆ 101, ಜಿಲ್ಲಾ ಕಂಟ್ರೋಲ್ ರೂಮಿಗೆ 1077, ಕರೆಂಟಿಗೆ 1912. ಇವನ್ನು ಪ್ರತಿ ಬೀದಿಯ ಗೋಡೆಯಲ್ಲಿ ಬರೆಸಿ, ಕೆಳಗೆ ಬೀದಿಯ ಉಸ್ತುವಾರಿಯ ನಂಬರ್ ಇರಲಿ.

ನೀರು ಇಳಿದ ಮೇಲೆ

ಕೆಸರು ಗುಡಿಸುವ ಮೊದಲು ಪ್ರತಿ ಮನೆಯ ಫೋಟೊ ತೆಗೆಸಿ. ಗೋಡೆಯ ಮೇಲೆ ನೀರು ನಿಂತ ಗುರುತು, ಬಿದ್ದ ಭಾಗ, ಹಾಳಾದ ಸಾಮಾನು ಎಲ್ಲ ಕಾಣಬೇಕು. ಪರಿಹಾರದ ಸಮೀಕ್ಷೆಗೆ ಬಂದಾಗ ತೊಳೆದು ಸ್ವಚ್ಛವಾದ ಮನೆ ನೋಡಿ ಕಡಿಮೆ ಬರೆದುಬಿಡಬಹುದು. ಬೀದಿ ಪುಸ್ತಕ ಈಗಲೂ ಉಪಯೋಗಕ್ಕೆ ಬರುತ್ತದೆ, ಬಾಡಿಗೆಯವರು ಯಾರು, ಮಾಲೀಕರು ಯಾರು ಅನ್ನುವ ಜಗಳಕ್ಕೆ ಅಲ್ಲೇ ಉತ್ತರ ಇರುತ್ತದೆ. ಬಾವಿ, ಸಂಪುಗಳಿಗೆ ಕ್ಲೋರಿನ್ ಹಾಕಿ. ಕುದಿಸಿದ ನೀರನ್ನೇ ಕುಡಿಯಲು ಹೇಳಿ. ಮನೆಯೊಳಗೆ ಹಾವು ಸೇರಿರಬಹುದು, ಮೊದಲು ಬೆಳಕು ಹಾಯಿಸಿ ನೋಡಿ ಒಳಗೆ ಹೋಗಲಿ. ವೈರಿಂಗ್ ಪರೀಕ್ಷಿಸದೆ ಮೇನ್ ಆನ್ ಮಾಡಬಾರದು.

ಹದಿನೈದು ದಿನದೊಳಗೆ ತಂಡ ಮತ್ತೆ ಸೇರಬೇಕು. ಯಾವ ಬೀದಿಗೆ ತಡವಾಯಿತು, ಗೆರೆಗಳು ಸರಿಯಾಗಿದ್ದವಾ, ಯಾವ ಮನೆ ಪಟ್ಟಿಯಲ್ಲೇ ಇರಲಿಲ್ಲ, ಇದನ್ನು ನಡಾವಳಿಯಲ್ಲಿ ಬರೆಸಿ. ವರ್ಗಾವಣೆಯಾಗಿ ಬರುವ ಹೊಸ ಪೌರಾಯುಕ್ತರ ಮೇಜಿನ ಮೇಲೆ ಮೊದಲ ವಾರವೇ ಆ ನಡಾವಳಿ ಇಡುವ ಜವಾಬ್ದಾರಿಯನ್ನೂ ಒಬ್ಬರ ಹೆಸರಿಗೆ ಬರೆಯಿರಿ.