560001: ಈ ಪಿನ್‌ಕೋಡ್ ಒಡೆಯುವುದು ಹೇಗೆ?

ಭಾನುವಾರ ಬಸವನಗುಡಿಯ ನಮ್ಮ ಮನೆಗೆ ಲೆಕ್ಕ ಕಲಿಯಲು ಮಕ್ಕಳು ಬರುತ್ತಾರೆ. ದೊಡ್ಡ ಸಂಖ್ಯೆ ಕೊಟ್ಟರೆ ಎಲ್ಲರೂ ಎಡವುವುದು ಒಂದೇ ಕಡೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಬೆಂಗಳೂರು ಜಿಪಿಒ ಪಿನ್‌ಕೋಡ್ 560001 ಇದೆಯಲ್ಲ, ಅದನ್ನೇ ಅವಿಭಾಜ್ಯಗಳ (ಪ್ರೈಮ್, ಅಂದರೆ 1 ಮತ್ತು ತನ್ನಿಂದ ಮಾತ್ರ ಭಾಗ ಹೋಗುವ, 1ಕ್ಕಿಂತ ದೊಡ್ಡ ಸಂಖ್ಯೆಗಳ) ಗುಣಲಬ್ಧವಾಗಿ ಒಡೆಯೋಣ. ಚೌಕುಳಿ ಹಾಳೆ, ಪೆನ್ಸಿಲ್ ಸಾಕು. ಮೊಬೈಲ್ ಆಚೆ ಇಡಿ. ಆ್ಯಪ್ ಉತ್ತರ ಕೊಡುತ್ತದೆ, ದಾರಿ ತೋರಿಸುವುದಿಲ್ಲ.

ಕೊನೆಯ ಅಂಕಿ 1. ಹಾಗಾಗಿ 2, 5 ಬಿಟ್ಟುಬಿಡಿ. ಅಂಕಿಗಳ ಮೊತ್ತ 12, ಅಂದರೆ 3ರಿಂದ ಭಾಗ ಹೋಗುತ್ತದೆ. ಉಳಿಯುವುದು 186667.

7, 11, 13ಕ್ಕೆ ಬೇರೆ ಬೇರೆ ಭಾಗಾಕಾರ ಬೇಡ. ಮೂರನ್ನೂ ಗುಣಿಸಿದರೆ 1001 ಬರುತ್ತದೆ ಅಲ್ವಾ? ಅದರ ಲಾಭ ಪಡೆಯಿರಿ: ಕೊನೆಯ ಮೂರು ಅಂಕಿಗಳ ಸಂಖ್ಯೆಯಲ್ಲಿ ಮೊದಲ ಮೂರರದ್ದನ್ನು ಕಳೆದು, ಉಳಿದದ್ದಕ್ಕೆ ಭಾಗ ಹೋಗುತ್ತದೆಯೇ ನೋಡಿದರೆ ಸಾಕು. 667ರಲ್ಲಿ 186 ಕಳೆದರೆ 481. ಇದು 13 × 37. 7 ಮತ್ತು 11 ಹೋಗುವುದಿಲ್ಲ. 186667 ÷ 13 = 14359.

ಈಗ ನಿಧಾನಿಸಿ. 13 ಒಮ್ಮೆ ಹೋಯಿತೆಂದು ಅದನ್ನು ಬಿಡಬೇಡಿ, ಇನ್ನೊಮ್ಮೆ ನೋಡಿ: ಶೇಷ 7. ಆಮೇಲೆ 17ಕ್ಕೆ ಶೇಷ 11, 19ಕ್ಕೆ 14, 23ಕ್ಕೆ 7. ಪ್ರತಿ ಶೇಷವನ್ನೂ ಸಾಲಾಗಿ ಬರೆಯಿರಿ. ಬರೆಯದೆ ಹೋದರೆ ಯಾವುದೋ ಒಂದು ತಪ್ಪಿಹೋಗುವುದು ಖಂಡಿತ. 47ರ ಹೊತ್ತಿಗೆ ಕೈ ಸೋಲುತ್ತದೆ. "ಮಿಸ್, ಇದು ಪ್ರೈಮೇ" ಅಂತ ಪುಸ್ತಕ ಮುಚ್ಚಿಬಿಡುತ್ತಾರೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಸುಸ್ತು ಹೇಳಬಾರದು, ವರ್ಗಮೂಲ ಹೇಳಬೇಕು. 120 × 120 = 14400. ನಮ್ಮದು ಅದಕ್ಕಿಂತ ಚಿಕ್ಕದು. ಎರಡಾಗಿ ಒಡೆಯುವುದಾದರೆ ಒಂದು ತುಂಡು 120ರ ಒಳಗೇ ಇರಬೇಕು. ಹಾಗಾಗಿ 113ರವರೆಗೆ ಹೋಗಲೇಬೇಕು. 53, 59, 61, 67, 71, 73, 79. ಯಾವುದೂ ಹೋಗುವುದಿಲ್ಲ. 83? ಶೇಷ ಸೊನ್ನೆ! 14359 = 83 × 173. 47ರಲ್ಲಿ ನಿಲ್ಲಿಸಿದವರಿಗೆ ಬಾಕಿ ಇದ್ದದ್ದು ಎಂಟೇ ಭಾಗಾಕಾರ.

ಅವಿಭಾಜ್ಯಗಳ ಪಟ್ಟಿಯನ್ನು ನೀವೇ ಬರೆದುಕೊಳ್ಳಿ. ಒಂದು ಗೋಡೆ ಚಾರ್ಟ್ ಕೊಂಡಿದ್ದೆ, ಅದರಲ್ಲಿ 1 ಕೂಡ ಇತ್ತು, 91 ಕೂಡ. 91 ಅಂದರೆ 7 × 13. ಆ ಚಾರ್ಟ್ ತೆಗೆದುಹಾಕಿದೆ.

ಈಗ 560001 = 3 × 13 × 83 × 173. ನಾಲ್ಕೂ ಬೇರೆ ಬೇರೆ, ಹಾಗಾಗಿ ಭಾಜಕಗಳು 2 × 2 × 2 × 2 = 16. ಪ್ರತಿ ಅವಿಭಾಜ್ಯಕ್ಕೂ 1 ಸೇರಿಸಿ ಗುಣಿಸಿದರೆ ಭಾಜಕಗಳ ಮೊತ್ತ: 4 × 14 × 84 × 174 = 818496. ಅದರಿಂದ ಸಂಖ್ಯೆಯನ್ನೇ ಕಳೆದರೆ 258495. ಇದು 560001ಕ್ಕಿಂತ ಕಡಿಮೆ, ಹಾಗಾಗಿ 560001 ನ್ಯೂನ ಸಂಖ್ಯೆ.

ಬಸವನಗುಡಿಯ 560004 ಮೂರೇ ಹೆಜ್ಜೆ ಆಚೆ. ಅದು 2 × 2 × 3 × 23 × 2029. 2 ಎರಡು ಸಲ ಇದ್ದಾಗ 3 × 3 ಹಾಕಬೇಡಿ; 1 + 2 + 4 = 7 ಹಾಕಿ. ಭಾಜಕಗಳ ಮೊತ್ತ 7 × 4 × 24 × 2030 = 1364160. ಸಂಖ್ಯೆಯನ್ನು ಕಳೆದರೂ 804156 ಉಳಿಯುತ್ತದೆ. ಅದು 560004ಕ್ಕಿಂತ ಹೆಚ್ಚು, ಹಾಗಾಗಿ 560004 ಅಧಿಕ ಸಂಖ್ಯೆ. 2029 ಪ್ರೈಮ್ ಅಂತ ನನ್ನ ಮಾತು ನಂಬಬೇಡಿ. 43ರವರೆಗೂ ಹೋಗಿ. ಅಲ್ಲಿ ಶೇಷ 8 ಬರಬೇಕು.