ಆರ್ಕೆಸ್ಟ್ರಾಗೆ ಹೋದರೆ ಎಲ್ಲಿ ನಿಲ್ಲಬೇಕು, ಯಾರ ಕೈ ನೋಡಬೇಕು

ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಆಗಲಿ, ಅರಮನೆ ಮೈದಾನದ ದೊಡ್ಡ ಶೋ ಆಗಲಿ, ಜನ ಹೋಗುವುದು ಹಾಡುವವರನ್ನು ನೋಡಲು. ಆ ಹಾಡುವವರ ಹಿಂದೆ, ಕೀಬೋರ್ಡ್ ಸ್ಟ್ಯಾಂಡಿನ ಮರೆಯಲ್ಲಿ, ಅರೆಗತ್ತಲಲ್ಲಿ ಒಬ್ಬ ಪುಣ್ಯಾತ್ಮ ನಿಂತಿರುತ್ತಾನೆ. ಸೋಲೋ ಹೊಡೆಯಲ್ಲ, ಕುಣಿಯಲ್ಲ. ನಿರೂಪಕಿ ಅವನ ಹೆಸರನ್ನು ಎಲ್ಲರಿಗಿಂತ ಕೊನೆಗೆ ಹೇಳುತ್ತಾರೆ, ಅದೂ ತಪ್ಪಾಗಿ. ಅವನೇ ರಿದಮ್ ಗಿಟಾರಿಸ್ಟ್, ಹಾಡಿನುದ್ದಕ್ಕೂ ಗಿಟಾರಿನಲ್ಲಿ ತಾಳ ಹಿಡಿದು ನಿಲ್ಲಿಸುವವನು. ಕಾರ್ಯಕ್ರಮದ ಅರ್ಧ ಮಜಾ ಅವನ ಹತ್ತಿರ ಇದೆ ಅನ್ನುವುದು ನನ್ನ ವಾದ. ಮನೆಯಲ್ಲಿ ಗಿಟಾರ್ ಇಟ್ಟುಕೊಂಡು ಅಕ್ಕಪಕ್ಕದವರ ತಾಳ್ಮೆ ಪರೀಕ್ಷಿಸುವವನ ಪಕ್ಷಪಾತ ಅಂತ ಬೇಕಾದರೂ ಅನ್ನಿ. ಒಂದು ಸಂಜೆ ಹೀಗೆ ನೋಡಿ, ಆಮೇಲೆ ಜಗಳಕ್ಕೆ ಬನ್ನಿ.

ಮೊದಲು ಜಾಗ. ಮುಂದಿನ ಸಾಲಿಗೆ ನುಗ್ಗಬೇಡಿ. ಅದು ಹೇಗೂ ಅಧ್ಯಕ್ಷರಿಗೂ ಅವರ ಬೀಗರಿಗೂ ಮೀಸಲು, ನಿಮಗೇನೂ ನಷ್ಟವಿಲ್ಲ. ದೊಡ್ಡ ಸ್ಪೀಕರ್‌ಗಳು ವೇದಿಕೆಯ ಎರಡೂ ಪಕ್ಕದಿಂದ ಹಿಂದಿನವರ ಕಡೆ ಮುಖ ಮಾಡಿರುತ್ತವೆ. ಮುಂದೆ ನಡುವೆ ಕೂತವರ ಕಿವಿಗೆ ಡ್ರಮ್ಸು, ಆಂಪು (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ನೇರವಾಗಿ ಬಂದು ಬಡಿಯುತ್ತವೆ, ಹಾಡಿನ ಸಾಹಿತ್ಯ ಮಾತ್ರ ಕೇಳುವುದಿಲ್ಲ. ಮೈದಾನದ ನಡುವೆ ಮಿಕ್ಸರ್ ಮೇಜು ಹುಡುಕಿ. ಸೌಂಡಿನವರು ಎಲ್ಲವನ್ನೂ ಹೊಂದಿಸುವುದು ತಮ್ಮ ಕಿವಿ ನಂಬಿ, ಆದ್ದರಿಂದ ಅವರ ಪಕ್ಕ ನಿಂತರೆ ಅವರು ಕೇಳಿದ್ದೇ ನಿಮಗೂ ಕೇಳುತ್ತದೆ. ‘ಅಣ್ಣಾ, ಸೌಂಡ್ ಜಾಸ್ತಿ ಮಾಡಿ’ ಅಂತ ಮಾತ್ರ ಹೇಳಬೇಡಿ. ಆ ಮಾತು ಸಂಜೆಯಿಂದ ಎಲ್ಲರ ಬಾಯಲ್ಲೂ ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತದೆ.

ತೀರಾ ಹಿಂದೆಯೂ ಬೇಡ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 70 ಮೀಟರ್ ದೂರ ನಿಂತವನಿಗೆ ಡ್ರಮ್ಮಿನ ಕೋಲು ಬಿದ್ದದ್ದು ಕಂಡ ಮೇಲೆ ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ ಏಟು ಕೇಳುತ್ತದೆ. ಹಿಂದಿನವರ ಚಪ್ಪಾಳೆ ತಾಳಕ್ಕೆ ಕೂಡದಿದ್ದರೆ ಅವರನ್ನು ಬೈಯಬೇಡಿ, ಪಾಪ, ಅವರಿಗೆ ತಾಳ ತಲುಪಿದ್ದೇ ಆಗ.

ಎರಡನೆಯದು, ಬೇಗ ಹೋಗಿ. ‘ಚೆಕ್, ಚೆಕ್, ಮೈಕ್ ಟೆಸ್ಟಿಂಗ್’ ಅನ್ನುವ ಹೊತ್ತಿಗೇ ಅಲ್ಲಿರಬೇಕು. ನಮ್ಮ ಗಿಟಾರಿಸ್ಟ್ ಕಾಲ ಬಳಿಯ ಟ್ಯೂನರ್ ಪೆಡಲ್ ಒತ್ತಿ ಸದ್ದಿಲ್ಲದೆ ಶ್ರುತಿ ಮಾಡುತ್ತಿರುತ್ತಾನೆ. ತಂತಿಯ ಶ್ರುತಿ ಏರಿದ್ದರೆ ನೇರ ಇಳಿಸಿ ಬಿಡುವುದಿಲ್ಲ. ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಮತ್ತೆ ಬಿಗಿ ಮಾಡುತ್ತಾ ಮೇಲೆ ತರುತ್ತಾನೆ. ಹಾಗೆ ಮಾಡಿದರೆ ತಂತಿ ಬಿಗಿಯುವ ತಿರುಗುಣಿಯ ಹಲ್ಲುಗಳಲ್ಲಿ ಸಡಿಲ ಉಳಿಯದೆ ತಂತಿ ನಿಂತಲ್ಲಿ ನಿಲ್ಲುತ್ತದೆ. ಇಷ್ಟು ಮಾಡಿ ಮುಗಿಸುವಷ್ಟರಲ್ಲಿ ಯಾರೋ ಬಂದು ಫೋಕಸ್ ಲೈಟು ಹಾಕುತ್ತಾರೆ, ತಂತಿ ಕಾದು ಸಡಿಲವಾಗುತ್ತದೆ, ಮತ್ತೆ ಮೊದಲಿಂದ.

‘ಗುಂಯ್’ ಅನ್ನುವ ಸದ್ದು ಬರುತ್ತಿದೆಯೇ? ಅದು ಸ್ಟ್ರ್ಯಾಟೋಕ್ಯಾಸ್ಟರ್ (ಸ್ಟ್ರ್ಯಾಟ್) ಎಂಬ ಜಾತಿಯ ಎಲೆಕ್ಟ್ರಿಕ್ ಗಿಟಾರೇ ನೋಡಿ. ತಂತಿಯ ಅಲುಗಾಟವನ್ನು ಹಿಡಿದು ಆಂಪಿಗೆ ಕಳಿಸುವ ಭಾಗಕ್ಕೆ ಪಿಕಪ್ ಅನ್ನುತ್ತಾರೆ; ಅದರ ಒಂಟಿ ಸುರುಳಿಯ ಪಿಕಪ್ ಆ ಅಲುಗಾಟದ ಜೊತೆಗೆ ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್ಗುಡುವಿಕೆಯನ್ನೂ ಹಿಡಿದು ಕೊಡುತ್ತದೆ. ಎರಡು ಸುರುಳಿಗಳನ್ನು ಎದುರುಬದರಾಗಿ ಜೋಡಿಸಿ ಆ ಸದ್ದು ಕೊಲ್ಲುವ ಪಿಕಪ್ಪಿಗೆ ಹಂಬಕರ್ ಅನ್ನುತ್ತಾರೆ. ಸುತ್ತ ಸೀರಿಯಲ್ ಸೆಟ್ಟು, ಪಕ್ಕದಲ್ಲೇ ಲೈಟಿನ ಡಿಮ್ಮರು ಇರುವ ಪೆಂಡಾಲಿಗೆ ಸ್ಟ್ರ್ಯಾಟ್ ತಂದವನು ಒಂದೋ ಧೈರ್ಯವಂತ, ಇಲ್ಲವೇ ಬೇರೆ ಗಿಟಾರ್ ಇಲ್ಲದವನು.

ಇನ್ನು ಯಾವ ಕೈ ನೋಡಬೇಕು? ಎಲ್ಲರೂ ಗಿಟಾರಿನ ಕತ್ತಿನ ಲೋಹದ ಅಡ್ಡಪಟ್ಟಿಗಳ, ಅಂದರೆ ಫ್ರೆಟ್‌ಗಳ ಮೇಲೆ ಓಡುವ ಎಡಗೈಯನ್ನೇ ನೋಡುತ್ತಾರೆ. ನೀವು ಬಲಗೈ ನೋಡಿ. ಎಲ್ಲಿ ಬಡಿಯಿತು ಅನ್ನುವುದಕ್ಕಿಂತ ಎಲ್ಲಿ ಬಡಿಯದೆ ಗಾಳಿಯಲ್ಲಿ ಹೋಯಿತು ಅನ್ನುವುದನ್ನು ಗಮನಿಸಿ. ಕೈ ಮೇಲೆ ಕೆಳಗೆ ಗಡಿಯಾರದ ಲೋಲಕದಂತೆ ಹೋಗುತ್ತಲೇ ಇರುತ್ತದೆ, ಕೆಲವು ಸಲ ಮಾತ್ರ ತಂತಿ ಮುಟ್ಟುತ್ತದೆ. ತಾಳ ಇರುವುದು ಆ ಬಿಟ್ಟ ಜಾಗಗಳಲ್ಲಿ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿತಲ್ಲ, ಆ ತಂಡದ ಜೇಮ್ಸ್ ಹೆಟ್‌ಫೀಲ್ಡ್ ಇನ್ನೊಂದು ಜಾತಿ. ಹಾಡುತ್ತಲೇ ತಂತಿ ಮೀಟುವ ಪ್ಲೆಕ್ಟ್ರಮ್ಮನ್ನು ಕೆಳಮುಖವಾಗಿ ಮಾತ್ರ ಹೊಡೆಯುತ್ತಾ ಹೋಗುತ್ತಾರೆ, ಅದೂ ಆ ವೇಗದಲ್ಲಿ. ಮನೆಯಲ್ಲಿ ಎರಡು ನಿಮಿಷ ಮಾಡಿ ನೋಡಿ, ಮುಂಗೈ ಕೈಕೊಡುತ್ತದೆ.

ಆರ್ಕೆಸ್ಟ್ರಾದಲ್ಲಿ ನಾನು ಕಾಯುವ ಗಳಿಗೆ ಒಂದಿದೆ. ಗಾಯಕರಿಗೆ ಗಂಟಲು ಕಟ್ಟಿರುತ್ತದೆ. ಹಾಡು ಶುರುವಾಗಲು ಇನ್ನೇನು ಅನ್ನುವಾಗ ಹಿಂದೆ ತಿರುಗಿ, ‘ಅರ್ಧ ಸ್ಕೇಲ್ ಇಳ್ಸಿ’ ಅನ್ನುತ್ತಾರೆ. ಕೀಬೋರ್ಡಿನವನು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ನಗುತ್ತಾ ನಿಲ್ಲುತ್ತಾನೆ, ಅವನ ಕೆಲಸ ಮುಗಿಯಿತು. ಗಿಟಾರಿನವನ ಮುಖ ನೋಡಿ ಈಗ. ಹಾಡು ಜಿ ಮೇಜರ್‌ನಲ್ಲಿತ್ತು, ಜಿ, ಸಿ, ಡಿ ಕಾರ್ಡುಗಳಲ್ಲಿ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಸಲೀಸಾಗಿ ಹೋಗಬೇಕಿತ್ತು. ಈಗ ಅದರ ಕೆಳಗಿನ ಸ್ವರ, ಎಫ್ ಶಾರ್ಪ್; ಆ ಸಲೀಸು ಆಕಾರಗಳು ಕೆಲಸಕ್ಕೆ ಬರುವುದಿಲ್ಲ. ಕೇಪೋ, ಅಂದರೆ ಗಿಟಾರಿನ ಕತ್ತಿಗೆ ಕಚ್ಚಿಸುವ ಕ್ಲಿಪ್ಪು, ಶ್ರುತಿ ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಹೊಸಬನಾದರೆ ಹಾಡು ಮುಗಿಯುವವರೆಗೂ ತೋರುಬೆರಳು ಅಡ್ಡ ಒತ್ತಿ ಬಾರ್ ಕಾರ್ಡ್ ಹಿಡಿದು ನರಳುತ್ತಾನೆ. ಪಳಗಿದವನು ಕೇಪೋವನ್ನು ಎರಡನೇ ಫ್ರೆಟ್ಟಿಗೆ ಕಚ್ಚಿಸಿ ಇ, ಎ, ಬಿ ಆಕಾರಗಳನ್ನು ಹಿಡಿಯುತ್ತಾನೆ; ಕೇಪೋ ಏರಿಸಿದ ಮೇಲೆ ಆ ಇ ಕಾರ್ಡೇ ಎಫ್ ಶಾರ್ಪ್ ಆಗಿ ಕೇಳುತ್ತದೆ. ಶ್ರುತಿ ಇಳಿಸಲು ಕೇಪೋ ಹಾಕುವುದು! ಇದನ್ನು ಡ್ರಮ್ಮರ್ ನಾಲ್ಕು ಎಣಿಸುವುದರೊಳಗೆ ಮಾಡಿ ಮುಗಿಸುವವರಿದ್ದಾರೆ. ಅಲ್ಲಿ ಚಪ್ಪಾಳೆ ತಟ್ಟಿ. ಪಕ್ಕದವರು ವಿಚಿತ್ರವಾಗಿ ನೋಡಿದರೆ ನೋಡಲಿ.

ತಂತಿ ಹರಿದರೂ ಕಣ್ಣು ಕೀಳಬೇಡಿ. ತಂತಿಗಳ ಬುಡ ಹಿಡಿದಿರುವ ಬ್ರಿಡ್ಜ್ ಸ್ಪ್ರಿಂಗಿನ ಮೇಲೆ ತೇಲುವ ಗಿಟಾರಿನಲ್ಲಿ ಒಂದು ಹರಿದರೆ ಉಳಿದ ಐದೂ ಶ್ರುತಿ ಮೇಲೇರಿಬಿಡುತ್ತವೆ, ಆಮೇಲೆ ನಡೆಯುವುದೆಲ್ಲ ಅಭಿನಯ. 1985ರಲ್ಲಿ ಅಮೆರಿಕದ ರೈತರ ನೆರವಿಗೆ ನಡೆದ ಫಾರ್ಮ್ ಏಯ್ಡ್ ವೇದಿಕೆಯಲ್ಲಿ ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಹಾಡುತ್ತಲೇ ಹರಿದ ತಂತಿ ಬದಲಿಸಿದ್ದರು. ಅದರ ವಿಡಿಯೋ ಸಿಗುತ್ತದೆ. ಗಾಯನ ಬಿಟ್ಟು ಬೆರಳನ್ನಷ್ಟೇ ನೋಡಿ.

ಶಾಸ್ತ್ರೀಯ ಕಚೇರಿಯಲ್ಲಿ ಮಾತ್ರ ನನ್ನ ಬಲಗೈ ಸಿದ್ಧಾಂತ ತಲೆಕೆಳಗು. ಗಿಟಾರ್ ಕಲಾವಿದ ಪ್ರಸನ್ನ ಕರ್ನಾಟಕ ಸಂಗೀತ ನುಡಿಸುವಾಗ ಎಡಗೈಯನ್ನೇ ನೋಡಬೇಕು. ಫ್ರೆಟ್ಟು ಸ್ವರವನ್ನು ಕಟ್ಟಿಹಾಕುತ್ತದೆ, ಗಮಕ (ಸ್ವರದ ತೂಗಾಟ) ಬೇಕಾದರೆ ತಂತಿಯನ್ನು ಪಕ್ಕಕ್ಕೆ ಎಳೆಯಬೇಕು, ಇಲ್ಲವೇ ಜಾರಿಸಬೇಕು. 1994ರಲ್ಲಿ ಅಮೆರಿಕದ ಗಿಟಾರಿಸ್ಟ್ ರೈ ಕೂಡರ್ ಜೊತೆ ಗ್ರ್ಯಾಮಿ ಪಡೆದ ವಿಶ್ವಮೋಹನ ಭಟ್ಟರು ಆ ತಂಟೆಯೇ ಬೇಡ ಅಂತ ಗಿಟಾರಿನಿಂದ ಹುಟ್ಟಿದ ಮೋಹನ ವೀಣೆಯನ್ನು ತೊಡೆಯ ಮೇಲೆ ಮಲಗಿಸಿ, ಲೋಹದ ಸಲಾಕೆ ಜಾರಿಸಿ ನುಡಿಸುತ್ತಾರೆ. ಒಂದು ವಿನಂತಿ: ಚಾಮರಾಜಪೇಟೆಯ ರಾಮನವಮಿ ಕಚೇರಿಗೆ ಹೋದರೆ ತನಿ ಆವರ್ತನ (ಮೃದಂಗದಂಥ ಲಯವಾದ್ಯಗಳಷ್ಟೇ ನುಡಿಯುವ ಸರದಿ) ಶುರುವಾದ ಕೂಡಲೇ ಕಾಫಿಗೆ ಏಳಬೇಡಿ. ರಾಕ್ ಶೋಗಳಲ್ಲೂ ಡ್ರಮ್ ಸೋಲೋ ಬಂದರೆ ಜನ ಶೌಚಾಲಯ ಹುಡುಕುತ್ತಾರೆ. ಲಯವಾದ್ಯದವರ ಮೇಲೆ ಜಗತ್ತಿಗೆ ಅದೇನು ದ್ವೇಷವೋ.

ಕಿವಿಗೆ ಇಯರ್‌ಪ್ಲಗ್ ಇರಲಿ. 100 ಡೆಸಿಬೆಲ್ ಸದ್ದಿಗೆ ದಿನಕ್ಕೆ 15 ನಿಮಿಷವೇ ಮಿತಿ ಅನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ, ಶೋ ಎರಡು ಗಂಟೆಯದ್ದು. ಫೋಮಿನದು ಅಗ್ಗ, ಆದರೆ ಸಿಂಬಲ್ಲಿನ ಮಿನುಗನ್ನೆಲ್ಲ ನುಂಗಿಬಿಡುತ್ತದೆ. ಸಂಗೀತಗಾರರಿಗೆಂದೇ ಮಾಡಿದ್ದು ಸಿಕ್ಕರೆ ಅದನ್ನೇ ಕೊಳ್ಳಿ.

ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್ ಆಗಬೇಕು, ಪೊಲೀಸರು ಒಂಬತ್ತೂಮುಕ್ಕಾಲಕ್ಕೇ ಬಂದು ನಿಂತಿರುತ್ತಾರೆ. ಮುಗಿದ ಮೇಲೆ ಗಿಟಾರಿಸ್ಟನ್ನು ಮಾತಾಡಿಸುವ ಆಸೆ ಇದ್ದರೆ ಕೇಬಲ್ ಸುತ್ತಿ ಮುಗಿಸುವವರೆಗೆ ತಡೆಯಿರಿ, ಮಧ್ಯೆ ಮಾತಾಡಿಸಿದರೆ ಅದು ಗಂಟು ಬೀಳುತ್ತದೆ. ‘ಜೀವನಕ್ಕೆ ಏನ್ಮಾಡ್ತೀರಾ?’ ಅಂತ ಕೇಳಬೇಡಿ. ಯಾವ ಗೇಜಿನ (ದಪ್ಪದ) ತಂತಿ ಅಂತ ಕೇಳಿ, ಅರ್ಧ ಗಂಟೆ ಮಾತಾಡುತ್ತಾನೆ. ಹೊರಡುವಾಗ ಆಂಪ್ ಎತ್ತಲು ಒಂದು ಕೈ ಕೊಡಿ. ಗಿಟಾರಿಗೆ ಮಾತ್ರ ಕೈ ಹಾಕಬೇಡಿ, ಅದನ್ನು ಅವನೇ ಎತ್ತಿಕೊಳ್ಳುತ್ತಾನೆ.